ಚಿಕ್ಕ ಪಿಕಪ್‌ಗೆ ಬಿಳಿ ಬೋರ್ಡ್ ಯಾಕಿಲ್ಲ?

ಅಮೆರಿಕದಲ್ಲಿ ಚಿಕ್ಕ ಪಿಕಪ್ ಟ್ರಕ್ಕುಗಳು ವಾಪಸ್ ಬರುತ್ತಿವೆಯಂತೆ. ಗಾಡಿಗಳ ಬಗ್ಗೆ ಬರೆಯುವ ಅಲ್ಲಿನ ಜನ ಕೆಲವು ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಮೊದಲ ಸಲ ಓದಿದಾಗ ನನಗೆ ನಗು ಬಂತು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುತ್ತಾ ಬದುಕಿರುವವನಿಗೆ ಚಿಕ್ಕ ಪಿಕಪ್ ಎಲ್ಲಿಗೋ ಹೋಗಿತ್ತು ಅನ್ನುವುದೇ ಹೊಸ ಸುದ್ದಿ.

ನಮ್ಮ ಕಡೆ ಅದು ಎಲ್ಲೂ ಹೋಗಿಲ್ಲ. ಬೆಳಗಿನ ಜಾವ ಬಂಡಿಪಾಳ್ಯದ ಎಪಿಎಂಸಿ ಮುಂದೆ ಸುಮ್ನೆ ನಿಂತರೆ ಸಾಕು. ತಿ. ನರಸೀಪುರದ ಕಡೆಯಿಂದ, ನಂಜನಗೂಡಿನ ಕಡೆಯಿಂದ ಟೊಮೆಟೊ, ಬದನೆ, ಬೀನ್ಸ್ ಹೊತ್ತ ಟಾಟಾ ಏಸ್‌ಗಳು ಸಾಲಾಗಿ ಬರುತ್ತವೆ. ನಡುವೆ ಒಂದು ಅಶೋಕ್ ಲೇಲ್ಯಾಂಡ್ ದೋಸ್ತ್, ಅದರ ಹಿಂದೆ ಬೊಲೆರೋ ಪಿಕಪ್. ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋದರೂ ಅದೇ. ಅಲ್ಲಿಂದ ಹೊರ ರಾಜ್ಯಕ್ಕೆ ಹೋಗುವುದು ದೊಡ್ಡ ಲಾರಿ. ತೋಟದಿಂದ ಮಾರುಕಟ್ಟೆಗೆ ಬರುವುದು ಮಾತ್ರ ಪುಟ್ಟ ಗಾಡಿಯಲ್ಲಿ. ತೆಂಗಿನ ತೋಟದೊಳಗಿನ ದಾರಿಯನ್ನು ಯಾರೂ ಹತ್ತು ಚಕ್ರದ ಲಾರಿಯನ್ನು ಕೇಳಿ ಮಾಡಿಲ್ಲ.

ಆದರೂ ಆ ಅಮೆರಿಕದ ಮಾತು ತಲೆಯಲ್ಲೇ ಉಳಿಯಿತು. ಅಲ್ಲಿ ಚಿಕ್ಕ ಪಿಕಪ್ ಸತ್ತ ಕತೆಯನ್ನೂ ಇಲ್ಲಿ ಅದು ಬದುಕಿರುವ ರೀತಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಅವರ ಹತ್ತಿರ ಮನೆಗೆ ಅಂತ ಇಟ್ಟುಕೊಳ್ಳುವ ಪಿಕಪ್ ಇದೆ, ಅದು ಚಿಕ್ಕದಿಲ್ಲ. ನಮ್ಮ ಹತ್ತಿರ ಚಿಕ್ಕದಿದೆ, ಅದು ಮನೆಯದಾಗಿಲ್ಲ. ಎರಡೂ ಕಡೆ ಇದನ್ನು ತೀರ್ಮಾನ ಮಾಡಿದ್ದು ಜನರ ಆಸೆಗಿಂತ ಜಾಸ್ತಿ ಕಾನೂನಿನ ಪುಸ್ತಕ. ಅದರಲ್ಲೂ ಒಂದು ಸೀಟು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಗಾಡಿಯ ಕತೆ. ನಾನು ಚಿಕ್ಕವನಿದ್ದಾಗ ಊರಿಗೆ ಏನಾದರೂ ಸಾಮಾನು ತರಬೇಕು ಅಂದರೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಇಲ್ಲವೇ ಮಟಡೋರ್. ಬಜಾಜ್ ಟೆಂಪೋದವರ ಆ ಮಟಡೋರ್ ಎಷ್ಟು ಬೇರು ಬಿಟ್ಟಿತ್ತು ಅಂದರೆ, ನಮ್ಮ ದೊಡ್ಡಮ್ಮ ಈಗಲೂ ಯಾವ ಸಾಮಾನು ಗಾಡಿ ಕಂಡರೂ ಮಟಡೋರ್ ಬಂತು ಅಂತಲೇ ಹೇಳುತ್ತಾರೆ. 80ರ ದಶಕದಲ್ಲಿ ಜಪಾನಿನವರ ಜೊತೆ ಸೇರಿ ಡಿಸಿಎಂ ಟೊಯೋಟಾ, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್ ಅಂತ ನಾಲ್ಕು ಹೆಸರು ಹೆಚ್ಚುಕಮ್ಮಿ ಒಟ್ಟಿಗೇ ಬಂದವು. ಟಾಟಾದವರು 1986ರಲ್ಲಿ 407 ತಂದರು. ಎರಡು ವರ್ಷ ಬಿಟ್ಟು ಟಾಟಾಮೊಬೈಲ್ ಅನ್ನುವ ಪಿಕಪ್ ತಂದರು. ಅದೇ ಪಿಕಪ್ಪಿನ ಚಾಸಿ ಮೇಲೆ 1991ರಲ್ಲಿ ಸಿಯೆರಾ ಕಾರು ಬಂತು. ಸಿಯೆರಾವನ್ನು ನೆನೆದು ಕಣ್ಣರಳಿಸುವವರು ಬೇಕಾದಷ್ಟು ಜನ ಇದ್ದಾರೆ. ಅದರ ಅಪ್ಪನಾದ ಪಿಕಪ್ಪನ್ನು ಯಾರೂ ಕೇಳುವುದಿಲ್ಲ.

ಇವೆಲ್ಲ ಒಂದು ಟನ್, ಎರಡು ಟನ್, ಅದಕ್ಕೂ ಜಾಸ್ತಿ ಹೊರುವ ಗಾಡಿಗಳು. ಅವುಗಳ ಕೆಳಗೆ ಇದ್ದದ್ದು ಮೂರು ಚಕ್ರದ ಗೂಡ್ಸ್ ಆಟೋ. ನಡುವೆ ಏನೂ ಇರಲಿಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದು ಕೂತದ್ದು ಆ ಖಾಲಿ ಜಾಗದಲ್ಲಿ. ಬೆಲೆ ಎರಡೂಕಾಲು ಲಕ್ಷದ ಆಸುಪಾಸು. ಅದರ ಎಂಜಿನ್ ಹುಟ್ಟಿದ ಬಗೆ ನನಗೆ ತುಂಬಾ ಇಷ್ಟ. ಇಂಡಿಕಾ ಕಾರಿಗೆ 1405 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಇತ್ತಲ್ಲ, ಅದನ್ನೇ ಅರ್ಧ ಮಾಡಿದರು. ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ಒಂದು ಸ್ಪ್ಲೆಂಡರ್ ಬೈಕಿನ ಎರಡರಷ್ಟು ಶಕ್ತಿ, ಅಷ್ಟೇ. ಅದನ್ನು ಸೀಟಿನ ಕೆಳಗೆ ಕೂರಿಸಿದರು. ಬೇಸಿಗೆಯಲ್ಲಿ ಮಳವಳ್ಳಿಯಿಂದ ಮೈಸೂರಿಗೆ ಒಂದು ಲೋಡ್ ಹೊಡೆದ ಡ್ರೈವರ್‌ನನ್ನು ಕೇಳಿ, ಆ ಎಂಜಿನ್ ಎಲ್ಲಿದೆ ಅಂತ ಅವನ ತೊಡೆಯೇ ಹೇಳುತ್ತದೆ. ಗಾಡಿಯ ಉದ್ದ 3.8 ಮೀಟರ್, ಅಗಲ ಒಂದೂವರೆ ಮೀಟರ್. ಮಂಡಿ ಮೊಹಲ್ಲಾದ ಸಂದಿಗೂ ನುಗ್ಗುತ್ತದೆ, ಸಂತೇಪೇಟೆಯಲ್ಲಿ ತಿರುಗಿಸಿಕೊಳ್ಳಲೂ ಆಗುತ್ತದೆ.

ಆ ಗಾಡಿಯ ಹಿಂದೆ ಇದ್ದ ತಂಡಕ್ಕೆ ಗಿರೀಶ್ ವಾಘ್ ಮುಖ್ಯಸ್ಥರು. ಚಿತ್ರ ಬಿಡಿಸುವ ಮುಂಚೆ ಅವರು ಊರೂರು ಸುತ್ತಿ ಗೂಡ್ಸ್ ಆಟೋ ಓಡಿಸುವವರ ಜೊತೆ ಮಾತಾಡಿದ್ದರು. ಆಗ ಒಬ್ಬ ಡ್ರೈವರ್ ಹೇಳಿದನಂತೆ, ನನ್ನದು ನಾಲ್ಕು ಚಕ್ರದ ಗಾಡಿ ಆಗಿದ್ದರೆ ಊರಲ್ಲಿ ನನಗೆ ಒಳ್ಳೇ ಸಂಬಂಧ ಸಿಗುತ್ತಿತ್ತು ಅಂತ. ಬೇರೆ ಕಡೆಯವರು ಇದನ್ನು ಓದಿ ನಕ್ಕು ಮುಂದೆ ಹೋಗಬಹುದು. ಮಂಡ್ಯದವರು ಹಾಗೆ ನಗುವುದು ಕಷ್ಟ. ಮದುವೆಗೆ ಹೆಣ್ಣು ಸಿಗಲಿ ಅಂತ ನಮ್ಮ ಜಿಲ್ಲೆಯ ಯುವಕರು 2023ರ ಫೆಬ್ರವರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಎರಡು ಎಕರೆ ಕಬ್ಬು ಇದೆ ಅಂದರೆ ಹೆಣ್ಣಿನ ಮನೆಯವರು ಸುಮ್ಮನಾಗುತ್ತಾರೆ. ಜೊತೆಗೆ ಸ್ವಂತ ಗಾಡಿ ಇದೆ, ಬಾಡಿಗೆ ಹೊಡೆಯುತ್ತಾನೆ ಅಂದರೆ ಕಾಫಿಯಾದರೂ ಕೊಟ್ಟು ಕಳಿಸುತ್ತಾರೆ. ಮೂರು ಚಕ್ರಕ್ಕೂ ನಾಲ್ಕು ಚಕ್ರಕ್ಕೂ ಇರುವ ಈ ವ್ಯತ್ಯಾಸ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನು ಕೇಳಿಸಿಕೊಂಡವರು ಗಾಡಿಯನ್ನು ಚೆನ್ನಾಗಿಯೇ ಮಾಡಿದರು.

ಕಂಪನಿಯವರ ಲೆಕ್ಕದಲ್ಲಿ ಇಪ್ಪತ್ತು ವರ್ಷದಲ್ಲಿ ಏಸ್ ಕೊಂಡವರು 25 ಲಕ್ಷಕ್ಕೂ ಜಾಸ್ತಿ. ಆಮೇಲೆ ದೋಸ್ತ್ ಬಂತು, 2011ರಲ್ಲಿ. ಮಹೀಂದ್ರಾದ ಜೀತೋ 2015ರಲ್ಲಿ, ಮಾರುತಿಯ ಸೂಪರ್ ಕ್ಯಾರಿ 2016ರಲ್ಲಿ. ಎಲ್ಲರಿಗೂ ದಾರಿ ತೋರಿಸಿದ್ದು ಆ ಅರ್ಧ ಇಂಡಿಕಾ.

ಅದರ ಹೊರೆ ಮುಕ್ಕಾಲು ಟನ್, ಅಂದರೆ 750 ಕೆಜಿ. ಮೈಸೂರಿನವರಿಗೆ ಈ ಅಂಕಿ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ದಸರಾ ಜಂಬೂಸವಾರಿಯಲ್ಲಿ ಆನೆ ಹೊರುವ ಚಿನ್ನದ ಅಂಬಾರಿಯ ತೂಕವೂ 750 ಕೆಜಿ ಅಂತಲೇ ಹೇಳುತ್ತಾರೆ. ದೇಶದ ತುಂಬ ಜನ ಈ ಗಾಡಿಯನ್ನು ಚಿಕ್ಕ ಆನೆ ಅಂತ ಯಾಕೆ ಕರೆಯುತ್ತಾರೋ, ಅದಕ್ಕೂ ಅಂಬಾರಿಗೂ ಸಂಬಂಧ ಇಲ್ಲ. ಆದರೂ ಈ ಲೆಕ್ಕ ಗೊತ್ತಾದ ದಿನ ನನಗೆ ಒಳಗೊಳಗೇ ಖುಷಿಯಾಯಿತು. ವ್ಯತ್ಯಾಸ ಏನೆಂದರೆ, ಅಂಬಾರಿ ಹೊರುವ ಆನೆಗೆ ತಿಂಗಳುಗಟ್ಟಲೆ ತಾಲೀಮು ಇರುತ್ತದೆ, ಒಂದು ಕೆಜಿ ಜಾಸ್ತಿ ಹೇರಿದರೂ ವೈದ್ಯರು ಕೇಳುತ್ತಾರೆ. ಏಸ್‌ಗೆ ಯಾರೂ ಇಲ್ಲ. ಪುಸ್ತಕದಲ್ಲಿ ಮುಕ್ಕಾಲು ಟನ್ ಅಂತ ಇದ್ದರೆ ನಮ್ಮವರು ಸ್ಪ್ರಿಂಗ್ ಪಟ್ಟಿ ಒಂದೆರಡು ಎಕ್ಸ್‌ಟ್ರಾ ಹಾಕಿಸಿ, ಹಿಂದಿನ ಡಾಲಾ ಎತ್ತರ ಮಾಡಿಸಿ, ಒಂದೂಕಾಲು ಟನ್ ಹೇರುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ಒಮ್ಮೆ ನೋಡಿದ್ದೆ. ಹುಲ್ಲಿನ ಮೆದೆ ತಾನಾಗಿ ರಸ್ತೆಯಲ್ಲಿ ಬರುತ್ತಿತ್ತು. ಗಾಡಿ ಕಂಡದ್ದು ಅದು ಪಕ್ಕದಲ್ಲಿ ಹಾದು ಹೋದ ಮೇಲೆ.

ಏನೇನು ಹೊರುವುದಿಲ್ಲ ಅದು! ಆಲೆಮನೆಯಿಂದ ಬೆಲ್ಲ ಮಂಡ್ಯದ ಮಾರುಕಟ್ಟೆಗೆ. ರೇಷ್ಮೆಗೂಡು ರಾಮನಗರಕ್ಕೆ. ಬಂಡೂರು ಕುರಿಗಳು ಸಂತೆಗೆ. ಹಾಲಿನ ಕ್ಯಾನು, ಬಾಳೆಗೊನೆ, ಸಿಮೆಂಟು, ಶಾಮಿಯಾನ, ಊರಹಬ್ಬದ ಸ್ಪೀಕರು, ಗಣಪತಿ. ಮೈಸೂರಿನಲ್ಲಿ ಕುವೆಂಪುನಗರದಿಂದ ವಿಜಯನಗರಕ್ಕೆ ಮನೆ ಬದಲಾಯಿಸುವವರ ಇಡೀ ಸಂಸಾರ. ನನ್ನ ಮಟ್ಟಿಗೆ ಈ ಗಾಡಿಯ ಆಕರ್ಷಣೆ ಇಲ್ಲೇ ಇದೆ. ಒಬ್ಬ ಮನುಷ್ಯ, ಒಂದು ಸಣ್ಣ ಜಮೀನು ಅಥವಾ ಒಂದು ಸಣ್ಣ ಅಂಗಡಿ, ಅವನ ಒಂದು ದಿನದ ಮಾಲು. ಆ ಅಳತೆಗೆ ಸರಿಯಾಗಿ ಗಾಡಿ ಇದ್ದರೆ ಅವನು ಇನ್ನೊಬ್ಬನ ಲಾರಿ ತುಂಬುವವರೆಗೆ ಕಾಯಬೇಕಿಲ್ಲ. ಬೆಳಿಗ್ಗೆ ಕಿತ್ತದ್ದು ಬೆಳಿಗ್ಗೆಯೇ ಮಾರುಕಟ್ಟೆಯಲ್ಲಿ. ರೇಟು ಬಿದ್ದಿದೆ ಅಂತ ಫೋನ್ ಬಂದರೆ ಮೈಸೂರಿನ ಬದಲು ಮಂಡ್ಯಕ್ಕೆ ತಿರುಗಿಸಬಹುದು. ದೊಡ್ಡ ಲಾರಿಗೆ ಈ ಸ್ವಾತಂತ್ರ್ಯ ಇಲ್ಲ, ಗೂಡ್ಸ್ ಆಟೋಗೆ ಅಷ್ಟು ದೂರ ಓಡುವ ದಮ್ಮಿಲ್ಲ.

ದಮ್ಮಿನ ಮಾತು ಬಂತಲ್ಲ, ಎಕ್ಸ್‌ಪ್ರೆಸ್‌ವೇ ಬಗ್ಗೆ ಹೇಳಲೇಬೇಕು. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವಂತಿಲ್ಲ ಅಂತ ಆದೇಶವಾಯಿತು. ಅಪಘಾತಗಳನ್ನು ನೋಡಿದವರು ಅದನ್ನು ತಪ್ಪು ಅನ್ನಲಾರರು. ಆದರೆ ಅದರಿಂದ ಆದ ಒಂದು ಸಣ್ಣ ಬದಲಾವಣೆ ಬಗ್ಗೆ ಯಾರೂ ಬರೆಯಲಿಲ್ಲ. ಮೂರು ಚಕ್ರದ ಗೂಡ್ಸ್ ಆಟೋ ಸರ್ವಿಸ್ ರಸ್ತೆಯಲ್ಲೇ ಕುಂಟಬೇಕು. ನಾಲ್ಕು ಚಕ್ರದ ಚಿಕ್ಕ ಗಾಡಿ ಮೇಲೆ ಹೋಗಬಹುದು. ಒಂದು ಚಕ್ರ ಜಾಸ್ತಿ ಇದ್ದದ್ದಕ್ಕೆ ಮದ್ದೂರಿನ ವ್ಯಾಪಾರಿಗೆ ಬೆಂಗಳೂರು ಹತ್ತಿರವಾಯಿತು. ಟೋಲ್ ಉಳಿಸಲು ತುಂಬ ಜನ ಗಣಂಗೂರಿನ ಟೋಲ್ ಬರುವ ಮುಂಚೆ ಕೆಳಗೆ ಇಳಿದುಬಿಡುತ್ತಾರೆ ಅನ್ನುವುದು ಬೇರೆ ಮಾತು.

ಅದೇ ಹೆದ್ದಾರಿಯಲ್ಲಿ ಬಿಡದಿ ಇದೆ. ಅಲ್ಲಿ ಟೊಯೋಟಾ ಕಾರ್ಖಾನೆ ಇದೆ. 2022ರಲ್ಲಿ ಇಂಡಿಯಾಕ್ಕೆ ಬಂದ ಹೈಲಕ್ಸ್ ಪಿಕಪ್ ಜೋಡಣೆ ಆಗುವುದೂ ಅಲ್ಲೇ. ಆ ಗಾಡಿ ಪಕ್ಕದಲ್ಲಿ ಹೋದರೆ ಏಸ್‌ನ ಡ್ರೈವರ್ ಒಂದು ಗಳಿಗೆ ಸ್ಟೇರಿಂಗ್ ಮರೆಯುತ್ತಾನೆ. ಉದ್ದ 5.3 ಮೀಟರ್. ಹಿಂದಿನ ತೊಟ್ಟಿಯಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಆದರೆ 1968ರಲ್ಲಿ ಜಪಾನಿನಲ್ಲಿ ಮೊದಲ ಹೈಲಕ್ಸ್ ಬಂದಾಗ ಅದರ ಉದ್ದ ಸುಮಾರು 4.2 ಮೀಟರ್, ಎಂಜಿನ್ ಒಂದೂವರೆ ಲೀಟರ್. ಅಂದರೆ ಅದೂ ಒಂದು ಕಾಲಕ್ಕೆ ನಮ್ಮ ಏಸ್‌ಗೆ ಅಣ್ಣನ ಸಮ. ಐವತ್ತು ವರ್ಷದಲ್ಲಿ ಒಂದು ಮೀಟರ್‌ಗೂ ಜಾಸ್ತಿ ಬೆಳೆದಿದೆ. ಯಾಕೆ ಬೆಳೆಯಿತು? ಅಮೆರಿಕದಲ್ಲಿ ಇಂಥ ಬೆಳವಣಿಗೆಯ ಕತೆ ಕೋಳಿಯಿಂದ ಶುರುವಾಗುತ್ತದೆ.

1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಮಾಂಸ ಯುರೋಪಿಗೆ ಹರಿಯುತ್ತಿತ್ತು. ತಮ್ಮ ರೈತರನ್ನು ಉಳಿಸಿಕೊಳ್ಳಲು ಯುರೋಪಿನವರು ಅದರ ಮೇಲೆ ಸುಂಕ ಏರಿಸಿದರು. ಸಿಟ್ಟಾದ ಅಮೆರಿಕ, ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ, ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಸಣ್ಣ ಟ್ರಕ್ಕುಗಳ ಮೇಲೆ 25% ಸುಂಕ ಹಾಕಿತು. 1964ರಿಂದ ಅದು ಜಾರಿ. ಟ್ರಕ್ಕು ಅಂದಾಗ ಅವರ ಕಣ್ಣು ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಮೇಲೆ. ಕೋಳಿ ಜಗಳ ತಣ್ಣಗಾಯಿತು, ಪಿಷ್ಟ ಬ್ರಾಂಡಿಗಳ ಸುಂಕ ಹೋಯಿತು, ಟ್ರಕ್ಕಿನದು ಉಳಿಯಿತು. ಅರವತ್ತು ವರ್ಷ! ಊರಲ್ಲಿ ಬದುವಿನ ಜಗಳಕ್ಕೆ ಹಾಕಿದ ಕೇಸು ಮೊಮ್ಮಕ್ಕಳವರೆಗೆ ನಡೆಯುತ್ತದಲ್ಲ, ಹಾಗೆ.

ಜಪಾನಿನವರು ಸುಮ್ಮನೆ ಕೂರಲಿಲ್ಲ. ಕ್ಯಾಬಿನ್ ಮತ್ತು ಚಾಸಿಯನ್ನು ಬೇರೆ ತಂದು, ಹಿಂದಿನ ತೊಟ್ಟಿಯನ್ನು ಅಮೆರಿಕದಲ್ಲಿ ಕೂರಿಸಿದರೆ ಸುಂಕ ಬರೀ 4%. 1972ರಲ್ಲಿ ಫೋರ್ಡ್ ಕಂಪನಿ ಮಜ್ದಾ ಗಾಡಿಯನ್ನು ಕೊರಿಯರ್ ಅಂತಲೂ, ಷೆವರ್ಲೆ ಇಸುಜು ಗಾಡಿಯನ್ನು ಲವ್ ಅಂತಲೂ ಮಾರಿದ್ದು ಹೀಗೆ. ಆ ದಾರಿಯನ್ನು 1980ರಲ್ಲಿ ಮುಚ್ಚಿದರು. ಸುಬಾರು ಇನ್ನೂ ಮಜಾ ಮಾಡಿತ್ತು. ಬ್ರ್ಯಾಟ್ ಅನ್ನುವ ತನ್ನ ಪುಟ್ಟ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ, ಬಿಸಿಲಿಗೇ, ಎರಡು ಪ್ಲಾಸ್ಟಿಕ್ ಸೀಟು ಕೂರಿಸಿತು. ಸೀಟು ಇದೆ, ಹಾಗಾಗಿ ಇದು ಜನರ ಗಾಡಿ, ಸುಂಕ ಕಾರಿನ ಲೆಕ್ಕದಲ್ಲಿ ಕಡಿಮೆ ಅಂತ ವಾದ. ಅಧಿಕಾರಿಗಳು ಒಪ್ಪಿಕೊಂಡರು. ರೊನಾಲ್ಡ್ ರೇಗನ್ ತನ್ನ ತೋಟದಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡಿದ್ದರು.

ಸುಂಕದ ಜೊತೆಗೆ ಇನ್ನೊಂದು ಪೆಟ್ಟು ಬಿದ್ದದ್ದು ಇಂಧನದ ನಿಯಮದಿಂದ. ಸುಮಾರು 2011ರಿಂದ ಅಲ್ಲಿ ಗಾಡಿ ಎಷ್ಟು ಮೈಲೇಜ್ ಕೊಡಬೇಕು ಅನ್ನುವುದನ್ನು ಅದರ ನಾಲ್ಕು ಚಕ್ರಗಳ ನಡುವಿನ ಜಾಗ ನೋಡಿ ನಿಗದಿ ಮಾಡುತ್ತಾರೆ. ಜಾಗ ದೊಡ್ಡದಿದ್ದರೆ ಗುರಿ ಸುಲಭ, ಚಿಕ್ಕದಿದ್ದರೆ ಗುರಿ ಕಷ್ಟ. ಇಂಥ ಲೆಕ್ಕ ಕೈಗೆ ಕೊಟ್ಟರೆ ಯಾವ ಕಂಪನಿ ಚಿಕ್ಕ ಟ್ರಕ್ ಮಾಡುತ್ತದೆ? ಉದ್ದೇಶ ಇಂಧನ ಉಳಿಸುವುದು, ಆದದ್ದು ಗಾಡಿ ಬೆಳೆದದ್ದು. 1983ರ ಫೋರ್ಡ್ ರೇಂಜರ್ ನಾಲ್ಕೂವರೆ ಮೀಟರ್ ಒಳಗಿತ್ತು. 2011ರಲ್ಲಿ ಅದನ್ನು ಅಲ್ಲಿ ನಿಲ್ಲಿಸಿದರು. 2019ರಲ್ಲಿ ಅದೇ ಹೆಸರು ವಾಪಸ್ ಬಂದಾಗ ಉದ್ದ 5.3 ಮೀಟರ್ ದಾಟಿತ್ತು. 2021ರಲ್ಲಿ ಬಂದ ಅದೇ ಫೋರ್ಡ್‌ನ ಮ್ಯಾವರಿಕ್ ಅನ್ನು ಎಲ್ಲರೂ ಚಿಕ್ಕದು ಚಿಕ್ಕದು ಅಂತ ಕೊಂಡಾಡಿದರು. ಹೈಬ್ರಿಡ್ ಎಂಜಿನ್, ಶುರುವಿನ ಬೆಲೆ 20,000 ಡಾಲರ್‌ಗೆ ಐದೇ ಡಾಲರ್ ಕಡಿಮೆ. ನಿಜಕ್ಕೂ ಒಳ್ಳೇ ಗಾಡಿಯೇ ಇರಬೇಕು. ಆದರೆ ಅದೂ ಐದು ಮೀಟರ್‌ಗಿಂತ ಉದ್ದ. ದೇವರಾಜ ಮಾರುಕಟ್ಟೆ ಹಿಂದಿನ ರಸ್ತೆಗೆ ಅದನ್ನು ತಂದು ನಿಲ್ಲಿಸಿ ಇದು ಚಿಕ್ಕದು ಅಂತ ಹೇಳಿ ನೋಡಿ.

ನಿಜವಾಗಿ ಚಿಕ್ಕದು ಅನ್ನಬಹುದಾದದ್ದು 2025ರ ಏಪ್ರಿಲ್‌ನಲ್ಲಿ ಸ್ಲೇಟ್ ಅನ್ನುವ ಹೊಸ ಕಂಪನಿ ತೋರಿಸಿದ ಎಲೆಕ್ಟ್ರಿಕ್ ಗಾಡಿ. 4.4 ಮೀಟರ್, ಎರಡು ಸೀಟು, ಕೈಯಲ್ಲಿ ತಿರುಗಿಸುವ ಕಿಟಕಿ. ಪೇಂಟ್ ಇಲ್ಲ, ಟಚ್ ಸ್ಕ್ರೀನ್ ಇಲ್ಲ. ಅಮೆರಿಕದವರಿಗೆ ಇದು ಕ್ರಾಂತಿ. ನಮ್ಮ ಹಳೇ ಏಸ್ ಓಡಿಸುವವರಿಗೆ ಇದು ಮಾಮೂಲಿ ಸೋಮವಾರ. ಇನ್ನೂ ಕೆಲವರು ಜಪಾನಿನ ಹಳೇ ಕೇ ಟ್ರಕ್ಕುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಾರೆ. ಅವಕ್ಕೆ ಜಪಾನಿನಲ್ಲಿ ಕಾನೂನಿನ ಮಿತಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ. ಗದ್ದೆ ಬದುವಿನ ಮೇಲೆ ಓಡಾಡಲೆಂದೇ ಹುಟ್ಟಿದ ಹಾಗಿವೆ. ಅಮೆರಿಕಕ್ಕೆ ತರಬೇಕಾದರೆ ಗಾಡಿಗೆ 25 ವರ್ಷ ಆಗಿರಬೇಕು. ಆದರೂ ತರಿಸುತ್ತಾರೆ. ಆಸೆ ಸತ್ತಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಸೀಟಿನ ವಿಷಯಕ್ಕೆ ಬರುತ್ತೇನೆ. ಸುಬಾರು ಎರಡು ಪ್ಲಾಸ್ಟಿಕ್ ಸೀಟಿನಿಂದ ಸುಂಕ ತಪ್ಪಿಸಿಕೊಂಡಿತಲ್ಲ, ನಮ್ಮಲ್ಲೂ ಸೀಟೇ ಎಲ್ಲವನ್ನೂ ತೀರ್ಮಾನಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಸರಕು ಸಾಗಿಸುವುದಕ್ಕಾಗಿ ಮಾತ್ರ ಮಾಡಿದ ಗಾಡಿ ಸರಕು ವಾಹನ. ಅದು ಸಾರಿಗೆ ವಾಹನದ ಗುಂಪಿಗೆ ಸೇರುತ್ತದೆ. ಆದ್ದರಿಂದ ಹಳದಿ ಬೋರ್ಡ್, ಎಫ್‌ಸಿ, ಬೇರೆ ಲೆಕ್ಕದ ಇನ್ಶೂರೆನ್ಸ್. ನಿಮ್ಮ ತೋಟದ ಕಾಯಿಯನ್ನಷ್ಟೇ ಹೊತ್ತರೂ ಅದೇ ಲೆಕ್ಕ. ಅದೇ ಇಸುಜು ವಿ-ಕ್ರಾಸ್ ಅಥವಾ ಹೈಲಕ್ಸ್ ತಗೊಳ್ಳಿ. ಹಿಂದೆ ಒಂದು ಸಾಲು ಸೀಟು ಇದೆ, ಐದು ಜನ ಕೂರಬಹುದು, ಹಾಗಾಗಿ ಬಿಳಿ ಬೋರ್ಡ್ ಸಿಗುತ್ತದೆ. ಮೂವತ್ತು ಲಕ್ಷದ ಆಸುಪಾಸಿನ ಪಿಕಪ್ ಮನೆಯ ಗಾಡಿ, ನಾಲ್ಕೈದು ಲಕ್ಷದ ಪಿಕಪ್ ಬಾಡಿಗೆ ಗಾಡಿ.

ಕಾನೂನು ಪೂರ್ತಿ ಕಲ್ಲು ಮನಸ್ಸಿನದು ಅಂತ ನಾನು ಹೇಳುತ್ತಿಲ್ಲ. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಅಂತ ಅದೇ ಕಾಯ್ದೆಯಲ್ಲಿದೆ. ಕಾರಿನ ಲೈಸೆನ್ಸ್ ಇದ್ದವರು 7,500 ಕೆಜಿವರೆಗಿನ ಸಾರಿಗೆ ವಾಹನ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿತು. ಸಣ್ಣ ಗಾಡಿಯವರಿಗೆ ಇವೆರಡೂ ದೊಡ್ಡ ಸಮಾಧಾನ. ಆದರೆ ಇವೆಲ್ಲ ದುಡಿಯುವ ಗಾಡಿಗೆ ಸಿಕ್ಕ ರಿಯಾಯಿತಿ. ಅರ್ಧ ದುಡಿಮೆ, ಅರ್ಧ ಸಂಸಾರ ಅನ್ನುವ ಗಾಡಿಗೆ ಅಲ್ಲಿ ಜಾಗವೇ ಇಲ್ಲ.

ಸಂಸಾರ ಮಾತ್ರ ಅದರಲ್ಲೇ ಓಡಾಡುತ್ತದೆ! ಮುತ್ತತ್ತಿಗೆ ಹರಕೆ ತೀರಿಸಲು ಹೋಗುವವರು, ಬೀಗರೂಟಕ್ಕೆ ಹೋಗುವವರು, ಕಬ್ಬು ಕಡಿಯಲು ಹೋಗುವ ಕೂಲಿಯವರು, ಎಲ್ಲರೂ ಹಿಂದೆ ತೊಟ್ಟಿಯಲ್ಲಿ ನಿಂತು ಹೋಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ. ತಿರುವಿನಲ್ಲಿ ಗಾಡಿ ಮಗುಚಿದರೆ ಹಿಡಿದುಕೊಳ್ಳಲು ಡಾಲಾದ ಅಂಚು ಬಿಟ್ಟು ಬೇರೇನೂ ಇರುವುದಿಲ್ಲ. ಇದನ್ನು ಹಳ್ಳಿಯ ಸೊಗಸು ಅಂತ ಫೋಟೋ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಜನ ಯಾಕೆ ಹಾಗೆ ಹೋಗುತ್ತಾರೆ ಅಂತಲೂ ಕೇಳಬೇಕಲ್ಲ. ಮನೆಯಲ್ಲಿ ಇರುವುದು ಅದೊಂದೇ ಗಾಡಿ. ಅದಕ್ಕೆ ಇರುವುದು ಎರಡು ಸೀಟು. ಮನೆಯಲ್ಲಿ ಆರು ಜನ.

ಸುಮಾರು 90 ವರ್ಷದ ಹಿಂದೆ ಆಸ್ಟ್ರೇಲಿಯಾದಲ್ಲಿ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಕಾಗದ ಬರೆದಳು ಅಂತ ಒಂದು ಕತೆ ಇದೆ. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಸಾಗಿಸಲು, ಎರಡಕ್ಕೂ ಆಗುವ ಒಂದು ಗಾಡಿ ಕೊಡಿ ಅಂತ ಕೇಳಿದಳಂತೆ. ಎರಡು ಗಾಡಿ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಜೀಲಾಂಗ್ ಊರಿನ ಕಾರ್ಖಾನೆಯಲ್ಲಿ ಲೂ ಬ್ಯಾಂಟ್ ಅನ್ನುವ ಯುವ ಎಂಜಿನಿಯರ್ ಮುಂದೆ ಕಾರು, ಹಿಂದೆ ತೊಟ್ಟಿ ಇರುವ ಗಾಡಿ ಬರೆದುಕೊಟ್ಟ. 1934ರಲ್ಲಿ ಅದು ಹೊರಬಂತು. ಅವರು ಅದನ್ನು ಯೂಟ್ ಅನ್ನುತ್ತಾರೆ. ಹಂದಿಯ ಜಾಗದಲ್ಲಿ ಎಳನೀರು, ಚರ್ಚಿನ ಜಾಗದಲ್ಲಿ ಮೇಲುಕೋಟೆ ಹಾಕಿ. ಆ ಕಾಗದವನ್ನು ಇವತ್ತು ಮಳವಳ್ಳಿ ತಾಲ್ಲೂಕಿನ ಯಾವ ಮನೆಯಿಂದ ಬೇಕಾದರೂ ಬರೆಯಬಹುದು.

ಬ್ರೆಜಿಲ್ ನೋಡಿ. ನಮ್ಮ ಹಾಗೇ ಕಬ್ಬಿನ ದೇಶ. ಅಲ್ಲಿ ಫಿಯೆಟ್ ಸ್ಟ್ರಾಡಾ ಅನ್ನುವ ಪಿಕಪ್, ಕಾರಿನ ಅಳತೆಯದು, 2021ರಿಂದ ಸತತವಾಗಿ ಕೆಲವು ವರ್ಷ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಗಾಡಿ. ಪಿಕಪ್ಪುಗಳ ಪೈಕಿ ಅಲ್ಲ, ಎಲ್ಲ ಕಾರುಗಳನ್ನೂ ಸೇರಿಸಿ. ಎರಡು ಬಾಗಿಲಿನದೂ ಇದೆ, ನಾಲ್ಕು ಬಾಗಿಲಿನದೂ ಇದೆ. ಕಬ್ಬಿನ ಎಥೆನಾಲ್‌ನಲ್ಲೂ ಓಡುತ್ತದೆ. ಮಂಡ್ಯದವನಿಗೆ ಹೊಟ್ಟೆಕಿಚ್ಚು ಆಗದೆ ಇರುತ್ತದೆಯೇ?

ನಮ್ಮಲ್ಲಿ ಆ ಕಡೆಗೆ ಹತ್ತಿರ ಬಂದದ್ದು ಬೊಲೆರೋ ಕ್ಯಾಂಪರ್. ಕರೆಂಟ್ ಕೆಲಸದವರು, ಗುತ್ತಿಗೆದಾರರು ಓಡಿಸುವುದನ್ನು ನೋಡಿರುತ್ತೀರಿ. ಎರಡು ಸಾಲು ಸೀಟು, ಹಿಂದೆ ತೊಟ್ಟಿ. ಒಳ್ಳೇ ಗಟ್ಟಿ ಗಾಡಿ. ಆದರೆ ಐದು ಮೀಟರ್‌ಗೆ ಹತ್ತಿರ ಬರುತ್ತದೆ, ಬೆಲೆಯೂ ಎರಡು ಎಕರೆಯವನ ಕೈಗೆ ಎಟುಕುವುದಿಲ್ಲ, ಸಾಮಾನ್ಯವಾಗಿ ಕಾಣುವುದೂ ಹಳದಿ ಬೋರ್ಡಿನಲ್ಲೇ. ಟಾಟಾದವರು 2007ರಲ್ಲಿ ಏಸ್‌ನ ಚಾಸಿಯಿಂದಲೇ ಜನ ಸಾಗಿಸುವ ಮ್ಯಾಜಿಕ್ ಮಾಡಿದರು. ಸಾಮಾನಿಗೆ ಒಂದು, ಜನಕ್ಕೆ ಒಂದು. ಒಂದೇ ಗಾಡಿಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದ ಹಾಗಾಯಿತು. ಗೆರೆಯ ಮೇಲೆ ನಿಂತಿರುವವನಿಗೆ ಏನೂ ಸಿಗಲಿಲ್ಲ.

ಇಲ್ಲೂ ಚಿಕ್ಕದು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಿದೆ, ಅದನ್ನೂ ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಸಂಬಂಧಿಸಿದ ಬಿಎಸ್-6 ನಿಯಮ ಬಂದ ಮೇಲೆ ಸಣ್ಣ ಡೀಸೆಲ್ ಎಂಜಿನ್ ದುಬಾರಿಯಾಯಿತು. ಹೊಗೆ ಶುದ್ಧ ಮಾಡುವ ಸಾಮಾನಿನ ಖರ್ಚು ಎಂಜಿನ್ ಚಿಕ್ಕದು ಅಂತ ಕಡಿಮೆಯಾಗುವುದಿಲ್ಲ. ಮಾರುತಿ ತನ್ನ ಸೂಪರ್ ಕ್ಯಾರಿಯ ಡೀಸೆಲ್ಲನ್ನೇ ಬಿಟ್ಟಿತು. ಇನ್ನು ಸ್ವಲ್ಪ ಸೇರಿಸಿದರೆ ಬೊಲೆರೋ ಪಿಕಪ್ಪೇ ಬರುತ್ತದಲ್ಲ ಅಂತ ಜನ ಮೇಲೆ ಹತ್ತಿದರು. ಅದರಲ್ಲಿ ಈಗ ಎರಡು ಟನ್ ಹೊರುವುದೂ ಇದೆ. ಎರಡು ಟನ್ ಗಾಡಿಗೆ ಎರಡು ಟನ್ ಮಾಲು ಬೇಕು. ಸ್ವಂತ ಮಾಲು ಸಾಲದು, ಬಾಡಿಗೆ ಹುಡುಕಬೇಕು. ಬಾಡಿಗೆ ಸಿಗದ ತಿಂಗಳು ಕಂತು ನಿಲ್ಲುತ್ತದೆ. ಫೈನಾನ್ಸ್‌ನವರು ಬಂದು ಗಾಡಿಯ ಕೀ ಕೇಳಿದ ಮನೆಗಳು ನಮ್ಮೂರಲ್ಲೂ ಇವೆ.

ಹಾಗಾಗಿ ವಾಪಸ್ ಬರುವುದು ಅನ್ನುವ ಮಾತು ನಮಗೂ ಒಂದಿಷ್ಟು ಅನ್ವಯಿಸುತ್ತದೆ. 2025ರ ಜೂನ್‌ನಲ್ಲಿ ಏಸ್ ಪ್ರೋ ಬಂತು, ಆಗ 3.99 ಲಕ್ಷದಿಂದ ಶುರು. ಮತ್ತೆ ಎರಡು ಸಿಲಿಂಡರ್, ಈ ಸಲ 694 ಸಿಸಿ ಪೆಟ್ರೋಲ್, 30 ಅಶ್ವಶಕ್ತಿ, ಹೊರೆ ಅದೇ 750 ಕೆಜಿ. ಬ್ಯಾಟರಿಯದೂ ಇದೆ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು. ಮೈಸೂರಿನ ಒಳಗೇ ನೀರಿನ ಕ್ಯಾನು, ದಿನಸಿ ಹಂಚುವವರಿಗೆ ಬ್ಯಾಟರಿ ಗಾಡಿ ಒಳ್ಳೇದು ಅಂತ ನನಗನ್ನಿಸುತ್ತದೆ. ಸಂಜೆ ಮನೆ ಮುಂದೆ ನಿಲ್ಲಿಸಿ ಚಾರ್ಜ್‌ಗೆ ಹಾಕಬಹುದು. ಹಳ್ಳಿಯಲ್ಲಿ ಕರೆಂಟ್ ಬಂದಾಗ ಪಂಪ್‌ಸೆಟ್‌ಗೋ ಗಾಡಿಗೋ ಅನ್ನುವ ಪ್ರಶ್ನೆ ಇನ್ನೂ ಇದೆ.

ನನ್ನ ಭಾವಮೈದ ಮಳವಳ್ಳಿ ಕಡೆ ತೆಂಗು, ಒಂದಿಷ್ಟು ಭತ್ತ ಇಟ್ಟುಕೊಂಡಿದ್ದಾನೆ. ಹಳೇ ಏಸ್ ಮಾರಿ ಈ ಪೆಟ್ರೋಲಿನದನ್ನು ತರುವ ಯೋಚನೆಯಲ್ಲಿದ್ದಾನೆ. ಅವನ ಮುಂದೆ ನನ್ನ ಬಿಳಿ ಬೋರ್ಡ್ ಭಾಷಣ ಪೂರ್ತಿ ಮಾಡಿದೆ. ಅಮೆರಿಕದ ಕೋಳಿ, ಬ್ರೆಜಿಲ್, ಎಲ್ಲ. ಕೇಳಿಸಿಕೊಂಡ. ಆಮೇಲೆ ಹೇಳಿದ: "ಬಿಳಿ ಬೋರ್ಡ್ ಕಟ್ಕಂಡು ಏನ್ ಮಾಡ್ಲಿ ಭಾವ? ನನ್ ಕಾಯಿ ಹೊರೋದು ತಿಂಗ್ಳಲ್ಲಿ ಎಲ್ಡ್ ಸತಿ. ಮಿಕ್ಕಿದ್ ದಿನ ಬಾಡ್ಗೆ ಹೊಡೀದೆ ಹೋದ್ರೆ ಕಂತು ನೀನ್ ಕಟ್ಟೀಯಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಿಳಿ ಬೋರ್ಡ್ ಕನಸು ಮೈಸೂರಿನಲ್ಲಿ ಸಂಬಳ ತಗೊಳ್ಳುವವನ ಕನಸು ಇರಬಹುದು. ಅವನಿಗೆ ಬೇಕಿರುವುದು ಬೋರ್ಡಿನ ಬಣ್ಣ ಅಲ್ಲ, ಹೆಂಡತಿಯನ್ನೂ ಎರಡು ಮಕ್ಕಳನ್ನೂ ಒಳಗೆ ಕೂರಿಸಿಕೊಂಡು ಹೋಗುವಷ್ಟು ಜಾಗ. ತೊಟ್ಟಿ ಒಂದಡಿ ಚಿಕ್ಕದಾದರೂ ಪರವಾಗಿಲ್ಲ ಅನ್ನುತ್ತಾನೆ. ಹಿಂದಿನ ಸೀಟು ಇರುವ ಚಿಕ್ಕ ಗಾಡಿ ಇದೆಯಾ ಅಂತ ಶೋರೂಮಿಗೆ ಹೋಗಿ ಕೇಳಿಯೂ ಬಂದ. ಅಲ್ಲಿದ್ದ ಹುಡುಗ ತುಂಬ ಮರ್ಯಾದೆಯಿಂದ ಕೂರಿಸಿ, ಟೀ ತರಿಸಿ, ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನಿನ ಬೆಲೆ ಹೇಳಿದನಂತೆ.